ಒಂದು ಬಾಣಲೆ, ಒಂದು ತಟ್ಟೆ

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಫೋನ್ ಇಟ್ಟು ಬಂದು ಮತ್ತೆ ಹುರಿದೆ. ಅಳು ಬರಲಿಲ್ಲ. ಬಂದಿದ್ದರೂ ಆಕೆ ಮೆಚ್ಚುತ್ತಿರಲಿಲ್ಲ, ರವೆ ಸೀದದ್ದಕ್ಕೆ ಬೈಯುತ್ತಿದ್ದಳು. ಎದುರಿಗೆ ನಾವೆಲ್ಲ ‘ಮೇಡಮ್’ ಎನ್ನುತ್ತಿದ್ದೆವು, ಗೇಟು ದಾಟಿದ ಮೇಲೆ ‘ಆಕೆ’. ಇಲ್ಲಿಯೂ ಆಕೆ ಎಂದೇ ಬರೆಯುತ್ತೇನೆ. ಸತ್ತಳೆಂದು ಈಗ ಮರ್ಯಾದೆ ಹಚ್ಚಿದರೆ ಅದು ಬರೀ ನಾಟಕ.

ಹೆಸರನ್ನೂ ಬರೆಯುವುದಿಲ್ಲ. ಆಕೆ ನಮ್ಮನ್ನು ಯಾವತ್ತು ಹೆಸರು ಹಿಡಿದು ಕರೆದಳು? ನಾನು ‘ವಿಮಾನಪುರ’. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ‘ಫ್ರೇಜರ್ ಟೌನ್’. ನಸೀಮಾ ‘ಶಿವಾಜಿನಗರ’. ಎರಡು ವರ್ಷ ಮಂಗಳವಾರ, ಗುರುವಾರ ತಪ್ಪದೆ ಹೋದೆ, ನನ್ನ ಹೆಸರೇನೆಂದು ಒಂದು ದಿನವೂ ಕೇಳಲಿಲ್ಲ.

ಜೋಗುಪಾಳ್ಯದ ಅಂಚಿನಲ್ಲಿ, ಮಹಡಿಯ ಮೇಲೆ ಎರಡು ಕೋಣೆಯ ಮನೆ. ಬೆಳಿಗ್ಗೆ ಹನ್ನೊಂದಕ್ಕೆ ಕುಕರಿ ಕ್ಲಾಸು. ತೊಂಬತ್ತರ ದಶಕದ ಕೊನೆಯ ಮಾತು ಇದು. ಆಗ ಕೇಕು, ಗೋಬಿ ಮಂಚೂರಿ ಕಲಿಸುವವರು ಬೀದಿಗೊಬ್ಬರಿದ್ದರು. ಥಾಯ್ ಅಡುಗೆ ಕಲಿಸುವವರು ನಮ್ಮ ಕಡೆ ಈಕೆ ಒಬ್ಬಳೇ. ಗಂಡನ ಕೆಲಸದ ಮೇಲೆ ಬ್ಯಾಂಕಾಕಿಗೆ ಹೋಗಿ ಐದು ವರ್ಷ ಇದ್ದು ಒಬ್ಬಳೇ ವಾಪಸು ಬಂದವಳು. ಗಂಡ ಅಲ್ಲೇ ಇನ್ನೊಬ್ಬಳ ಜೊತೆ ನಿಂತುಬಿಟ್ಟ ಎಂದು ಕೆಳಗಿನ ಮನೆಯವರು ಹೇಳುತ್ತಿದ್ದರು. ಆಕೆ ಅಲ್ಲಿಂದ ತಂದದ್ದು ಒಂದು ಕಬ್ಬಿಣದ ಬಾಣಲೆ, ಮತ್ತು ಪ್ಯಾಡ್ ಥಾಯ್ ಎಂಬ ಹುರಿದ ನೂಡಲ್ಸು. ಮನೆಯ ಕೆಳಗೆ ತಳ್ಳುಗಾಡಿ ಇಟ್ಟುಕೊಂಡಿದ್ದ ಹೆಂಗಸಿನ ಹತ್ತಿರ ಕಲಿತಳಂತೆ. ‘ಅವಳು ತಪ್ಪು ಮಾಡಿದ್ರೆ ಸೌಟಲ್ಲಿ ಕೈಗೆ ಹೊಡೀತಿದ್ಲು. ನಾನು ನಿಮಗೆ ಹೊಡೀತಿಲ್ಲ, ಪುಣ್ಯ ಅಂದ್ಕೊಳಿ’ ಎನ್ನುತ್ತಿದ್ದಳು. ಹೊಡೆದಿದ್ದರೆ ವಾಸಿಯಿತ್ತು. ಕೈಗೆ ಬಿದ್ದ ಏಟು ಸಂಜೆಗೆ ಹೋಗುತ್ತದೆ.

ನಾನು ಹಾವೇರಿ ಕಡೆಯವಳು. ನನ್ನವರಿಗೆ ವಿಮಾನ ಕಾರ್ಖಾನೆಯಲ್ಲಿ ಕೆಲಸ, ವಾಸ ವಿಮಾನಪುರದ ಕ್ವಾರ್ಟರ್ಸು. ಮಕ್ಕಳಿಬ್ಬರು ಶಾಲೆಗೆ ಹೋದರೆ ಸಂಜೆ ನಾಲ್ಕರ ತನಕ ನಾನು ಮತ್ತು ಗೋಡೆ. ಅಡುಗೆ ಬಿಟ್ಟು ನನಗೆ ಬೇರೆ ವಿದ್ಯೆ ಇಲ್ಲ. ಅದನ್ನೇ ಹಿಡಿದು ಏನಾದರೂ ಮಾಡಬೇಕು, ನನ್ನದು ಅಂತ ಒಂದು ಇರಬೇಕು ಎಂಬ ಆಸೆಗೆ ಹೋದವಳು.

ಮೊದಲ ದಿನ ಅಕ್ಕಿಯ ನೂಡಲ್ಸನ್ನು ಕುದಿಯುವ ನೀರಿಗೆ ಹಾಕಿದೆ. ಶ್ಯಾವಿಗೆ ಬೇಯಿಸಿದ ಕೈ ನನ್ನದು, ಇನ್ನೇನು ಮಾಡೀತು. ಆಕೆ ಒಂದೆಳೆ ಎತ್ತಿ ಗೋಡೆಗೆ ಒತ್ತಿದಳು. ಅಂಟಿಕೊಂಡಿತು.

‘ಚೆನ್ನಾಗಿದೆ ವಿಮಾನಪುರ. ಎಲೆಕ್ಷನ್ ಬಂದಾಗ ಹೇಳಿ ಕಳಿಸ್ತೀನಿ, ಪೋಸ್ಟರ್ ಅಂಟಿಸೋಕೆ ಬನ್ನಿ.’

ಆ ಎಳೆ ಎರಡು ವಾರ ಗೋಡೆಯ ಮೇಲೆಯೇ ಇತ್ತು. ಹೊಸಬರು ಬಂದರೆ ಸೌಟಿನಿಂದ ತೋರಿಸಿ, ‘ಇದು ವಿಮಾನಪುರದವರು ಮಾಡಿದ್ದು’ ಎಂದು ಪರಿಚಯ ಮಾಡಿಸುತ್ತಿದ್ದಳು. ಇನ್ನೊಮ್ಮೆ ನನ್ನ ಬಾಯಿಂದ ಶೇಂಗಾ ಎಂದು ಬಂತು. ‘ಶೇಂಗಾ ಅಂತೆ. ಅದನ್ನ ನಿಮ್ಮೂರಲ್ಲಿ ಇಟ್ಕೊಳಿ, ಇಲ್ಲಿ ಕಡಲೆಬೀಜ ಕುಟ್ಟಿ’ ಎಂದಳು. ನಾನು ಹಲ್ಲು ಕಚ್ಚಿಕೊಂಡು ಕುಟ್ಟಿದೆ.

ಫ್ರೇಜರ್ ಟೌನಿನ ಹುಡುಗಿಯ ಪಾಡು ಇನ್ನೂ ಕೆಟ್ಟದ್ದು. ಅವಳು ಒಂದು ದಿನ ಬೆಳ್ಳುಳ್ಳಿ ಸೀಯಿಸಿದಳು. ಆಕೆ ಆ ತಟ್ಟೆಯನ್ನು ಅವಳ ಮುಂದಿಟ್ಟು ಪೂರ್ತಿ ತಿನ್ನಿಸಿದಳು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತು. ಹುಡುಗಿಗೆ ಕಣ್ಣೀರು ಸುರಿಯಿತು. ‘ಅಳೋದಾದ್ರೆ ಸ್ವಲ್ಪ ಹಿಂದೆ ಸರಿದು ಅಳಮ್ಮ, ತಟ್ಟೆಗೆ ಬಿದ್ರೆ ಉಪ್ಪು ಜಾಸ್ತಿ ಆಗುತ್ತೆ. ಅತ್ತೆ ಮನೇಲಿ ಹೇಗೂ ಅಳೋದಿದೆ, ಪ್ರಾಕ್ಟೀಸ್ ಆಯ್ತು’ ಎಂದಳು. ನಾವು ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನಾನಂತೂ ಒಳಗೊಳಗೆ ಖುಷಿಪಟ್ಟೆ, ಇವತ್ತು ನನ್ನ ಸರದಿ ಅಲ್ಲವಲ್ಲ ಎಂದು.

ಹಾಗಾದರೆ ಯಾಕೆ ಹೋಗುತ್ತಿದ್ದೆ? ಅಡುಗೆಗೆ. ಆಕೆ ಎಂದರೆ ಸಿಟ್ಟು, ಆಕೆಯ ಅಡುಗೆ ಎಂದರೆ ಪ್ರಾಣ. ನೂಡಲ್ಸನ್ನು ತಣ್ಣೀರಿನಲ್ಲಿ ನೆನೆಸಿಡಬೇಕು, ಬಾಗಿಸಿದರೆ ಬಾಗಬೇಕು, ಕಚ್ಚಿದರೆ ಇನ್ನೂ ಗಟ್ಟಿ ಇರಬೇಕು. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ, ಬೆಳ್ಳುಳ್ಳಿ, ನೂಡಲ್ಸು. ಮೇಲೆ ಹುಣಸೆ ರಸ, ಹಲಸೂರು ಮಾರ್ಕೆಟ್ಟಿನ ಕರುಪಟ್ಟಿ ಎಂಬ ತಾಳೆಬೆಲ್ಲ, ಮೀನಿನ ಸಾಸು ಕೂಡಿಸಿದ ಕಂದು ನೀರು. ಪಕ್ಕಕ್ಕೆ ಸರಿಸಿ ಮೊಟ್ಟೆ ಒಡೆದು ಕದಡುವುದು. ಕೊನೆಗೆ ಉದ್ದ ಬಾಲದ ಹೆಸರುಕಾಳಿನ ಮೊಳಕೆ, ಈರುಳ್ಳಿ ಸೊಪ್ಪು, ಕುಟ್ಟಿದ ಕಡಲೆಬೀಜ. ಮೂರು ನಿಮಿಷ, ಅಷ್ಟೇ. ಆ ಮೂರು ನಿಮಿಷ ಆಕೆ ಯಾರನ್ನೂ ಬೈಯುತ್ತಿರಲಿಲ್ಲ. ಬಾಯಿ ಅರ್ಧ ತೆರೆದಿರುತ್ತಿತ್ತು, ಮುಖ ಸಣ್ಣ ಹುಡುಗಿಯದಾಗುತ್ತಿತ್ತು. ತಟ್ಟೆ ನಮ್ಮ ಮುಂದಿಟ್ಟು ಮೊದಲ ತುತ್ತು ಬಾಯಿಗೆ ಹೋಗುವ ತನಕ ನೋಡುತ್ತಿದ್ದಳು, ಆಮೇಲೆ ಬೆನ್ನು ತಿರುಗಿಸುತ್ತಿದ್ದಳು. ತಾನು ಯಾರ ಜೊತೆಗೂ ಕೂತು ತಿಂದವಳಲ್ಲ.

ನನಗೆ ಮಾತ್ರ ಮೊಟ್ಟೆ, ಮೀನಿನ ಸಾಸು ಬಿಟ್ಟು ಬೇರೆ ಮಾಡಿಕೊಡುತ್ತಿದ್ದಳು. ಬಾಣಲೆಯನ್ನು ಬೂದಿ ಹಾಕಿ ತಿಕ್ಕಿಯೇ ಮಾಡುತ್ತಿದ್ದಳು, ಆ ಮಟ್ಟಿಗೆ ನಿಯತ್ತು. ಮಾಡಿಕೊಟ್ಟು, ‘ತಗೊಳಿ, ಗಂಡೇ ಇಲ್ಲದ ಮದುವೆ ಊಟ’ ಎನ್ನುತ್ತಿದ್ದಳು. ಗಂಡ ಬಿಟ್ಟವಳ ಬಾಯಲ್ಲಿ ಆ ಮಾತು ಕೇಳಲು ನಮಗೇ ಮುಜುಗರ, ಆಕೆಗೆ ಏನೂ ಇಲ್ಲ.

ಮನೆಯಲ್ಲಿ ನಾನು ಮಾಡಿದಾಗ ನನ್ನವರು ಒಂದು ತುತ್ತು ತಿಂದು, ‘ಏ, ಇದು ನಮ್ಮ ಗಿರ್ಮಿಟ್ಟಿನ ತಮ್ಮ ಅದಾನ ನೋಡು. ಅದೇ ಹುಣಸಿಹಣ್ಣು, ಅದೇ ಬೆಲ್ಲ’ ಎಂದರು. ಆದರೆ ತಟ್ಟೆ ಬಳಿದು ತಿಂದರು. ನಾಲ್ಕು ಜನಕ್ಕೆ ನಾಲ್ಕು ಸಲ ಮಾಡಬೇಕು. ಮೊದಲು ಮಗ, ಆಮೇಲೆ ಮಗಳು, ಆಮೇಲೆ ಅವರು, ಕೊನೆಗೆ ನಾನು. ಒಂದು ದಿನ ಇಷ್ಟು ತಾಪತ್ರಯ ಯಾಕೆ ಎಂದು ಆಕೆಯನ್ನೇ ಕೇಳಿದೆ. ಅವತ್ತು ಮಳೆ, ಕ್ಲಾಸಿಗೆ ಬಂದವಳು ನಾನೊಬ್ಬಳೇ.

‘ಯಾಕೆ ಅಂತ ತೋರಿಸ್ತೀನಿ, ಬನ್ನಿ’ ಎಂದು ನಾಲ್ಕು ತಟ್ಟೆಯ ನೂಡಲ್ಸನ್ನು ಒಟ್ಟಿಗೆ ಬಾಣಲೆಗೆ ಸುರಿದಳು. ಬೆಂಕಿಯ ಕಾವು ಸತ್ತುಹೋಯಿತು. ನೂಡಲ್ಸು ನೀರು ಬಿಟ್ಟಿತು, ಆ ನೀರಿನಲ್ಲಿ ತಾನೇ ಬೆಂದು ಮುದ್ದೆಯಾಯಿತು. ‘ನೋಡಿದ್ರಾ? ಒಂದು ಬಾಣಲೆ, ಒಂದು ತಟ್ಟೆ. ಎರಡಕ್ಕೆ ಆಸೆ ಬಿದ್ರೆ ಅಂಟು. ಈ ವಿಷಯ ನಾನು ಕ್ಲಾಸಲ್ಲಿ ಹೇಳಲ್ಲ. ತಾವೇ ಕೆಡಿಸ್ಕೊಂಡು ಕಲೀಲಿ.’ ಆಮೇಲೆ ಕೈ ಒರೆಸಿಕೊಳ್ಳುತ್ತ, ‘ಮಂಡಿ ನೋವು ಜಾಸ್ತಿ ಆಗಿದೆ ರೀ. ಥಾಯ್ ಕ್ಲಾಸ್ ಇನ್ನೊಂದು ವರ್ಷ ಮಾಡ್ತೀನೋ ಇಲ್ವೋ. ಮಾಡೋರಿಗೆ ಕೊಟ್ಬಿಡ್ತೀನಿ, ಈ ಬಾಣಲೆನೂ ಸೇರಿಸಿ’ ಎಂದು ನನ್ನ ಮುಖ ನೋಡಿದಳು. ಆ ನೋಟ ನನ್ನ ತಲೆಗೆ ಏರಿತು. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಾಲ್ಕು ಜನ ಹೆಂಗಸರನ್ನು ನಿಲ್ಲಿಸಿಕೊಂಡು ನಾನು ಕಲಿಸುತ್ತಿರುವುದು ಬಸ್ಸಿನಲ್ಲೇ ಕಣ್ಣಿಗೆ ಬಂತು.

ಈಗ ನಸೀಮಾಳ ಮಾತು. ಅವಳನ್ನು ಬಿಟ್ಟರೆ ಆಕೆಯ ಚಿತ್ರ ಪೂರ್ತಿಯಾಗುವುದಿಲ್ಲ, ನನ್ನದೂ ಆಗುವುದಿಲ್ಲ.

ಅವಳು ಶಿವಾಜಿನಗರದವಳು, ಮೂವತ್ತರ ಒಳಗೆ ಗಂಡನನ್ನು ಕಳೆದುಕೊಂಡವಳು, ಇಬ್ಬರು ಹೆಣ್ಣುಮಕ್ಕಳು. ಅವಳ ತಂದೆ ಮದುವೆಗಳಿಗೆ ಬಿರಿಯಾನಿ ಮಾಡುವ ಬಾವರ್ಚಿ. ಅವರು ಹೋದ ಮೇಲೆ ಅವರ ದೇಗ್, ಅಂದರೆ ನೂರು ಜನರ ಬಿರಿಯಾನಿ ಹಿಡಿಸುವ ತಾಮ್ರದ ಹಂಡೆ, ಇವಳ ಪಾಲಿಗೆ ಬಂದಿತ್ತು. ಬಾಡಿಗೆ ಕೋಣೆಯಲ್ಲಿ ಅಡುಗೆ ಮಾಡಿ ಆಫೀಸುಗಳಿಗೆ ಊಟ ಕಳಿಸಬೇಕು, ಮಕ್ಕಳನ್ನು ಓದಿಸಬೇಕು ಎಂಬುದು ಅವಳ ಹಟ. ಇಲ್ಲದಿದ್ದರೆ ಕೆ.ಆರ್. ಪುರದಲ್ಲಿ ಮೈದುನನ ಮನೆ. ‘ಅಲ್ಲಿ ಹೋದ್ರೆ ಮುಗೀತು ಅಕ್ಕಾ. ನಾನು ಅವರ ಮನೆ ಕೆಲಸದವಳು, ಹುಡುಗೀರ ಸ್ಕೂಲ್ ಬಂದ್’ ಎಂದು ಬಸ್ ಸ್ಟಾಪಿನಲ್ಲಿ ನನಗೆ ಎಷ್ಟು ಸಲ ಹೇಳಿದ್ದಳೋ.

ಒಂದು ಗುರುವಾರ ಅವಳು ಕ್ಲಾಸಿಗೆ ಪೇಡ ಹಿಡಿದುಕೊಂಡು ಬಂದಳು. ಇಂದಿರಾನಗರದ ಒಂದು ಮನೆಯ ಪಾರ್ಟಿಗೆ ನಲವತ್ತು ಜನರ ಪ್ಯಾಡ್ ಥಾಯ್ ಆರ್ಡರು. ಇಷ್ಟವಾದರೆ ಆ ಮನೆಯ ಯಜಮಾನರ ಆಫೀಸಿಗೆ ದಿನವೂ ಊಟ ಕಳಿಸುವ ಕೆಲಸ. ಮನೆ ಯಾವುದೆಂದು ಅವಳು ಹೇಳಿದ ಕೂಡಲೇ ನಾನು ಆಕೆಯ ಕಡೆ ನೋಡಿದೆ. ಆ ಮನೆಯ ಪಾರ್ಟಿಗಳಿಗೆ ಅಲ್ಲಿಯವರೆಗೆ ಅಡುಗೆಗೆ ಹೋಗುತ್ತಿದ್ದವಳು ಆಕೆಯೇ. ಆಕೆಯ ನಾಲಿಗೆ ತಾಳಲಾರದೆ ಅವರು ಬಿಟ್ಟಿದ್ದರು. ನಸೀಮಾಗೆ ಅದು ಗೊತ್ತಿರಲಿಲ್ಲ.

ಆಕೆ ಪೇಡ ಬಾಯಿಗೆ ಹಾಕಿಕೊಂಡು ನಕ್ಕಳು. ಎರಡು ವರ್ಷದಲ್ಲಿ ನಾನು ಆ ನಗು ನೋಡಿರಲಿಲ್ಲ.

‘ಮೇಡಮ್, ನಮ್ ಅಬ್ಬಾದು ದೇಗ್ ಇದೆ. ಅದರಲ್ಲಿ ನಲವತ್ತೂ ಒಂದೇ ಸಲ ಮಾಡ್ಬಹುದಲ್ಲಾ? ಇಲ್ಲಿ ಕಲಿಯೋಕೆ ಅಂತ ಒಂದೊಂದು ತಟ್ಟೆ ಮಾಡ್ತೀವಿ, ಹೌದಲ್ಲಾ?’

‘ಎನ್ನಮ್ಮಾ ಶಿವಾಜಿನಗರ, ನೂರು ಜನಕ್ಕೆ ಬಿರಿಯಾನಿ ಇಳಿಸೋರ ಮಗಳು, ಇದನ್ನ ನನ್ನ ಕೇಳ್ತೀಯಾ? ಮಾಡು. ಏನೂ ಆಗಲ್ಲ.’

ಹೇಳಿ ಆಕೆ ನನ್ನ ಕಡೆ ತಿರುಗಿದಳು. ನಾನು ಮೊಳಕೆ ಕಾಳಿನ ಸಿಪ್ಪೆ ತೆಗೆಯುತ್ತಿದ್ದೆ. ತೆಗೆಯುತ್ತಲೇ ಇದ್ದೆ.

ಶನಿವಾರ ಸಂಜೆ ನಮ್ಮ ಮನೆಗೆ ಫೋನ್ ಬಂತು. ನಸೀಮಾ, ಕಾಯಿನ್ ಬೂತಿನಿಂದ. ‘ಅಕ್ಕಾ, ಒಂಥರಾ ಭಯ ಆಗ್ತಿದೆ. ಮೇಡಮ್ ಸರಿ ಅಂದ್ರು, ಆದ್ರೂ ನೀವು ಒಂದ್ಸಲ ಹೇಳಿ. ನೀವು ಮನೇಲಿ ಮಾಡ್ತೀರಲ್ಲಾ. ದೇಗಲ್ಲಿ ಒಂದೇ ಸಲ ಹಾಕ್ಲಾ?’

ನಾನು ಮೂರು ಶಬ್ದ ಹೇಳಿದ್ದರೆ ಸಾಕಿತ್ತು. ಬೇಡಮ್ಮ, ಬಾಣಲೆಯಲ್ಲಿ ಮಾಡು. ರಾತ್ರಿಯೊಳಗೆ ನಾಲ್ಕು ಬಾಣಲೆ, ನಾಲ್ಕು ಸ್ಟವ್ ಹೊಂದಿಸಿಕೊಳ್ಳುತ್ತಿದ್ದಳು, ಗಟ್ಟಿಗಿತ್ತಿ. ಆದರೆ ಹೇಳಿದರೆ ಆಕೆಗೆ ಗೊತ್ತಾಗುತ್ತದೆ, ಯಾರು ಹೇಳಿದರೆಂದು ತಿಳಿಯಲು ಆಕೆಗೆ ಜ್ಯೋತಿಷ್ಯ ಬೇಕಾಗಿರಲಿಲ್ಲ. ಕ್ಲಾಸು ಹೋಯಿತು, ಬಾಣಲೆ ಹೋಯಿತು.

‘ಮೇಡಮ್ಮೇ ಹೇಳಿದ ಮೇಲೆ ಇನ್ನೇನಮ್ಮ. ಅವರಿಗಿಂತ ನನಗ ಗೊತ್ತೇನು?’ ಎಂದೆ.

‘ಹಾಗಾದ್ರೆ ಸರಿ ಅಕ್ಕಾ. ನಾಳೆ ಸ್ವಲ್ಪ ಬರ್ತೀರಾ? ನೀವಿದ್ರೆ ಧೈರ್ಯ.’

ಹೋದೆ. ಹೋಗದೇ ಇರಬಹುದಿತ್ತು, ಹೋದೆ. ಆ ಮನೆಯ ಹಿತ್ತಲಿನಲ್ಲಿ ಇದ್ದಿಲ ಒಲೆ, ಮೇಲೆ ದೇಗ್ ಫಳಫಳ ಹೊಳೆಯುತ್ತಿತ್ತು. ಎರಡು ದಿನ ಹುಣಸೆ ಹಾಕಿ ತಿಕ್ಕಿದ್ದಳಂತೆ. ಟಬ್ಬಿನಲ್ಲಿ ನೂಡಲ್ಸು ನೆನೆದಿತ್ತು, ಸರಿಯಾಗಿ, ಆಕೆ ಕಲಿಸಿದ ಹಾಗೆಯೇ. ಇನ್ನೂ ಒಂದು ಗಂಟೆ ಇತ್ತು. ಒಳಗೆ ಆ ಮನೆಯವರ ದೊಡ್ಡ ಗ್ಯಾಸ್ ಒಲೆ ಖಾಲಿ ಇತ್ತು, ಪಕ್ಕದಲ್ಲೇ ಎರಡು ಬಾಣಲೆ ತೂಗುಹಾಕಿದ್ದರು. ನಾನು ನಿಂಬೆಹಣ್ಣು ಹೆಚ್ಚುತ್ತ ಅವನ್ನು ನೋಡಿದೆ. ಹೆಚ್ಚುವುದನ್ನು ಮುಂದುವರಿಸಿದೆ.

ಅವಳು ಎಲ್ಲವನ್ನೂ ದೇಗ್‌ಗೆ ಸುರಿದಳು. ಉದ್ದ ಸಟ್ಟುಗದಿಂದ ತಿರುವಿದಳು. ನೀರು ಬಿಡತೊಡಗಿದಾಗ ಗಾಬರಿಯಾಗಿ ನನ್ನ ಮುಖ ನೋಡಿ, ಆಮೇಲೆ ತನ್ನ ತಂದೆ ಮಾಡುತ್ತಿದ್ದುದನ್ನೇ ಮಾಡಿದಳು. ಮುಚ್ಚಳ ಹಾಕಿ ಮೇಲೆ ಕೆಂಡ ಇಟ್ಟಳು. ‘ಐದು ನಿಮಿಷ ದಮ್ ಕೊಡ್ತೀನಿ ಅಕ್ಕಾ, ನೀರೆಲ್ಲ ಎಳ್ಕೊಳ್ಳುತ್ತೆ.’

ಮುಚ್ಚಳ ತೆಗೆದಾಗ ಸಟ್ಟುಗ ಅದರಲ್ಲಿ ನೆಟ್ಟಗೆ ನಿಂತಿತು. ಮನೆಯೊಡತಿ ಬಂದು ನೋಡಿ ಏನೂ ಬೈಯಲಿಲ್ಲ. ‘ಹೋಟೆಲ್‌ಗೆ ಫೋನ್ ಮಾಡಿ’ ಎಂದು ಒಳಗೆ ಕೂಗಿದರು, ಅಷ್ಟೇ. ಅತಿಥಿಯೊಬ್ಬರು ಬಗ್ಗಿ ನೋಡಿ, ‘ಇದೇನ್ರೀ, ನಾಯಿಗಾ?’ ಎಂದರು. ನಸೀಮಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆಮೇಲೆ ನಾವಿಬ್ಬರೂ ಹಿತ್ತಲ ನಲ್ಲಿಯ ಹತ್ತಿರ ಕೂತು ಆ ಅಂಟನ್ನು ಕೆರೆದೆವು. ಉಗುರಿನಲ್ಲಿ ಕೆರೆದರೂ ಬರುತ್ತಿರಲಿಲ್ಲ. ‘ನಂದೇ ತಪ್ಪು ಅಕ್ಕಾ, ದಮ್ ಕೊಡಬಾರದಿತ್ತು’ ಎಂದು ಅವಳು, ‘ಹೋಗ್ಲಿ ಬಿಡಮ್ಮ’ ಎಂದು ನಾನು. ಮುಂದಿನ ತಿಂಗಳು ಅವಳು ಕೋಣೆ ಬಿಟ್ಟು ಮಕ್ಕಳನ್ನು ಕರೆದುಕೊಂಡು ಕೆ.ಆರ್. ಪುರಕ್ಕೆ ಹೋದಳು.

ಕ್ಲಾಸು ನಡೆಯಿತು. ನಸೀಮಾಳ ಜಾಗಕ್ಕೆ ‘ಕಾಕ್ಸ್ ಟೌನ್’ ಬಂದಳು. ಆಕೆ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ತಿಂಗಳು ಕಾದು, ಎಲ್ಲರೂ ಹೋದ ಮೇಲೆ ಉಳಿದು ಕೇಳಿದೆ.

‘ಮೇಡಮ್, ಕ್ಲಾಸು ಕೊಡ್ತೀನಿ ಅಂದಿದ್ರಲ್ರೀ.’

‘ಯಾರಿಗೆ, ನಿಮಗಾ?’ ಆಕೆ ಬಾಣಲೆ ಒರೆಸುತ್ತಿದ್ದಳು, ನಿಲ್ಲಿಸಲಿಲ್ಲ. ‘ಆ ಹುಡುಗಿ ನಿಮಗೆ ಫೋನ್ ಮಾಡಿದ್ಲು ಅಲ್ವಾ?’

ನಾನು ಕೆಳಗಿಟ್ಟಿದ್ದ ಚೀಲ ಎತ್ತಿಕೊಂಡೆ.

‘ಮಾಡಿರ್ತಾಳೆ. ನನ್ನೊಬ್ಬಳ ಮಾತು ನಂಬೋಷ್ಟು ದಡ್ಡಿ ಅಲ್ಲ ಅವಳು. ನೋಡಿ, ನಂಗೆ ಹೊಟ್ಟೆಕಿಚ್ಚು. ನಾನು ಅಡುಗೆಗೆ ಹೋಗ್ತಿದ್ದ ಮನೆ ಕಿತ್ಕೊಂಡ್ಲು, ನಾನು ಕೆಡಿಸ್ದೆ. ನಾನು ಕೆಟ್ಟವಳು ಅಂತ ಹಲಸೂರಿಗೆಲ್ಲ ಗೊತ್ತು. ನಿಮ್ದೇನು ಕಿತ್ಕೊಂಡಿದ್ಲು ರೀ ಅವಳು?’

ಆಕೆ ಬಾಣಲೆಯನ್ನು ಗೂಟಕ್ಕೆ ಹಾಕಿದಳು.

‘ಕಲಿಸೋರು ಅಂದ್ರೆ, ಪಕ್ಕದವರ ಒಲೆ ಮೇಲೆ ಸೀದುಹೋಗ್ತಿದ್ರೆ ಬಾಯಿ ಬಿಡಬೇಕು. ನಾನು ಬಿಡ್ತೀನಿ, ಎಲ್ರೂ ನನ್ನ ಬೈಕೊಳ್ತಾರೆ. ಅವತ್ತೊಂದು ದಿನ ಬಿಡ್ಲಿಲ್ಲ. ನೀವು ಯಾವತ್ತೂ ಬಿಡಲ್ಲ. ಹೋಗಿ, ಮಕ್ಕಳು ಸ್ಕೂಲಿಂದ ಬರೋ ಹೊತ್ತು.’

ಅದೇ ಕೊನೆ. ಮತ್ತೆ ಆ ಮಹಡಿ ಹತ್ತಲಿಲ್ಲ. ಆಕೆ ಇನ್ನೂ ಏಳೆಂಟು ವರ್ಷ ಮಂಡಿ ನೋವು ಇಟ್ಟುಕೊಂಡೇ ಕಲಿಸಿದಳಂತೆ, ಯಾರಿಗೂ ಕೊಡಲಿಲ್ಲ. ಆಕೆಯ ಮೇಲಿನ ಸಿಟ್ಟು ನನಗೆ ದಿನದಿನಕ್ಕೆ ಬೆಳೆಯಿತು. ನಮ್ಮ ಕೆಟ್ಟತನ ಕಂಡವರನ್ನು ನಾವು ಸುಲಭವಾಗಿ ಕ್ಷಮಿಸುವುದಿಲ್ಲ.

ಸುದ್ದಿ ಕೇಳಿ ಉಪ್ಪಿಟ್ಟು ಮಾಡಿಟ್ಟು ಹೋದೆ. ಫೋನ್ ಮಾಡಿದ್ದವಳು ಫ್ರೇಜರ್ ಟೌನಿನ ಹುಡುಗಿ, ಈಗ ಎರಡು ಮಕ್ಕಳ ತಾಯಿ. ನಡುಮನೆಯಲ್ಲಿ ಆಕೆಯನ್ನು ಮಲಗಿಸಿದ್ದರು, ಬಾಯಿ ಕಟ್ಟಿದ್ದರು. ಆ ಬಾಯನ್ನು ಕಟ್ಟಲು ಇಷ್ಟು ಸುಲಭವಾಯಿತೇ ಎನ್ನಿಸಿ ನನಗೆ ನಗು ಬರುವುದರಲ್ಲಿತ್ತು. ನೆಂಟರೆಂದು ಒಬ್ಬ ತಮ್ಮ, ಕೆಳಗಿನ ಮನೆಯವರು, ಹಳೇ ಶಿಷ್ಯೆಯರು ಏಳೆಂಟು ಜನ. ಮೆಟ್ಟಿಲ ಮೇಲೆ ಬುರ್ಖಾ ಹಾಕಿದ ಹೆಂಗಸೊಬ್ಬಳು ಕೂತಿದ್ದಳು. ‘ಅಕ್ಕಾ’ ಎಂದಾಗ ಗುರುತು ಹತ್ತಿತು. ನಸೀಮಾ ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಪಕ್ಕದಲ್ಲಿ ಕೂತೆ. ಮಕ್ಕಳ ಬಗ್ಗೆ ಕೇಳಿದೆ. ದೊಡ್ಡವಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಳಂತೆ, ಈಗ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಬಟ್ಟೆ ಮಡಿಸುತ್ತಾಳೆ. ಚಿಕ್ಕವಳಿಗೆ ಮದುವೆಯಾಯಿತು.

‘ಈಕೆಗೋಸ್ಕರ ಅಷ್ಟು ದೂರದಿಂದ ಬಂದ್ಯಾ?’ ಎಂದೆ.

‘ಮೇಡಮ್ ನಮ್ಮನೆಗೆ ಬಂದಿದ್ರು ಅಕ್ಕಾ. ನಾನು ಅಲ್ಲಿ ಹೋಗಿ ಸ್ವಲ್ಪ ದಿನ ಆಗಿತ್ತು. ಆಟೋದಲ್ಲಿ ಬಂದ್ರು, ಒಳಗೆ ಬರ್ಲಿಲ್ಲ. ಬಾಗಿಲಲ್ಲೇ ನಿಂತು, ನಾನು ಗೊತ್ತಿದ್ದೇ ಹಾಗ್ ಹೇಳ್ದೆ ಅಂದ್ರು. ಸಾರಿ ಗೀರಿ ಏನೂ ಇಲ್ಲ. ನಾನು ಬಾಯಿಗೆ ಬಂದಂಗೆ ಬೈದೆ, ಗಲ್ಲಿಯೆಲ್ಲ ಸೇರ್ತು. ಒಂದು ಮಾತು ತಿರುಗಿ ಆಡ್ಲಿಲ್ಲ. ನಾನು ಮುಗಿಸೋ ತನಕ ನಿಂತಿದ್ದು ಹೋದ್ರು.’

ಒಳಗೆ ಯಾರೋ ಹೂವು ತಂದರೇ ಎಂದು ಕೇಳುತ್ತಿದ್ದರು.

‘ಅವತ್ತು ಅವರನ್ನ ಕೇಳಿದ್ದೆ. ಅಕ್ಕಂಗೂ ಗೊತ್ತಿತ್ತಾ ಅಂತ. ಅದನ್ನ ಅವರನ್ನೇ ಕೇಳು ಅಂದ್ರು. ನಾನು ಕೇಳಕ್ಕೆ ಬರ್ಲಿಲ್ಲ. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ.’ ನನ್ನ ಮುಖಕ್ಕೆ ಕಣ್ಣಿಟ್ಟಳು. ‘ಗೊತ್ತಿರ್ಲಿಲ್ಲ ಅಲ್ಲಾ ಅಕ್ಕಾ?’

ಹತ್ತು ವರ್ಷವಾಗಿತ್ತು. ನನಗೆ ಯಾವ ಕ್ಲಾಸೂ ಸಿಗುವುದಿರಲಿಲ್ಲ, ಹೆದರಬೇಕಾದವಳು ಒಳಗೆ ಸತ್ತು ಮಲಗಿದ್ದಳು.

‘ಇಲ್ಲಮ್ಮ’ ಎಂದೆ. ‘ನನಗ ಹ್ಯಾಂಗ ಗೊತ್ತಿರ್ತದ.’

‘ನಂಗೊತ್ತಿತ್ತು’ ಎಂದು ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಹೆಣ ಎತ್ತುವ ತನಕ ಬಿಡಲಿಲ್ಲ.